ನಮ್ಮೂರ ಮಾತು, ಭಾಗ 4: ‘ಬ್ಲಾಸ್ಟ್’ ಅಂದ್ರ ಮಜಾನಾ, ಮದ್ದಾ?

ಇಂಗ್ಲಿಷ್‌ನಾಗ ಒಂದು ಮಾತು ಐತಿ: ‘ವಿ ಹ್ಯಾಡ್ ಎ ಬ್ಲಾಸ್ಟ್’. ಭಾರಿ ಮಜಾ ಮಾಡಿದ್ವಿ ಅಂತ ಅರ್ಥ. ಟೂರಿಗೆ ಹೋಗಿ ಬಂದವರ ಪೋಸ್ಟಿನ ಕೆಳಗ ದಿನಾ ಓದ್ತೀರಿ. ಬ್ಯಾರೆ ಊರಿನವರಿಗೆ ಇದು ಒಂದು ಹೊಸ ಪದ, ಅಷ್ಟೇ. ನಮ್ಮ ಲಿಂಗಸುಗೂರು ಕಡೆಯವರಿಗೆ ಈ ಪದ ಇಂಗ್ಲಿಷ್ ಕ್ಲಾಸಿಗಿಂತ ಮೊದಲೇ ಗೊತ್ತು, ಬ್ಯಾರೆ ಅರ್ಥದಾಗ.

ಹಟ್ಟಿ ಚಿನ್ನದ ಗಣಿ ಇರೋದು ಇದೇ ತಾಲ್ಲೂಕಿನಾಗ. ಗಣಿ ಕೆಲಸದವರ ಮನ್ಯಾಗ ‘ಬ್ಲಾಸ್ಟಿಂಗ್’ ಅನ್ನೋದು ಕನ್ನಡ ಪದಾನೇ. ಬಂಡೆಗೆ ಡ್ರಿಲ್ ಹೊಡೆದು ತೂತು ಮಾಡ್ತಾರ, ಮದ್ದು ತುಂಬ್ತಾರ, ಮಂದೀನ ದೂರ ಸರಿಸಿ ಸಿಡಿಸ್ತಾರ. ಹೊಗೆ ಹೋಗೋ ತನಕ ಒಳಗ ಯಾರೂ ಕಾಲಿಡಂಗಿಲ್ಲ. ಆಮ್ಯಾಲೆ ನೆತ್ತಿ ಮ್ಯಾಲಿನ ಸಡಿಲ ಕಲ್ಲು ಬಡಿದು ಕೆಡವಬೇಕು, ಅದಾದ ಮ್ಯಾಲೇ ಕೆಲಸ. ಅಪ್ಪ ಶಿಫ್ಟ್ ಮುಗಿಸಿ ಬರೋ ದಾರಿ ಕಾಯೋ ಮನಿಯವರಿಗೆ ‘ಬ್ಲಾಸ್ಟ್’ ಅಂದ್ರ ಖುಷಿ ಅಂತ ಹೆಂಗ ಅನ್ನಿಸ್ಬೇಕು, ಹೇಳ್ರಿ?

ಮದ್ದು ಬರೋಕೂ ಮೊದಲೇ ಇಲ್ಲಿ ಗಣಿ ಇತ್ತು. ಹಟ್ಟಿಯಲ್ಲಿ ಹಳೇ ಕಾಲದವರು ಸುಮಾರು 640 ಅಡಿ ಆಳದ ತನಕ ಅಗೆದಿದ್ದರು. ಅಲ್ಲಿ ಸಿಕ್ಕ ಕಟ್ಟಿಗೆಯ ಕಾರ್ಬನ್ ಪರೀಕ್ಷೆ ಮಾಡಿದಾಗ ಅದು ಹೆಚ್ಚೂಕಡಿಮೆ 2000 ವರ್ಷ ಹಳೇದು ಅಂತ ತಿಳೀತು. ಬಂಡೆಗೆ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚೋದು, ಕಾಯ್ದು ಬಿರುಕು ಬಿಟ್ಟ ಕಲ್ಲನ್ನ ಒಡೆಯೋದು, ಇದು ಅವರ ವಿಧಾನ. 640 ಅಡಿ ಕೆಳಗ ಬೆಂಕಿ ಹಚ್ಚಿದ್ರ ಆ ಹೊಗೆಯಾಗ ಉಸಿರಾಡೋದು ಹೆಂಗ? ನಂಗ ಇದು ಅರಮನೆ, ಕೋಟೆಗಿಂತ ದೊಡ್ಡ ಇತಿಹಾಸ ಅನ್ನಿಸ್ತದ. ಅವರಲ್ಲಿ ಒಬ್ಬರ ಹೆಸರೂ ನಮಗ ಸಿಕ್ಕಿಲ್ಲ.

ಹೆಸರು ಸಿಕ್ಕಿದ್ದು ರಾಜಂದು. 1915ರಾಗ ಬೀಡನ್ ಅನ್ನೋ ಗಣಿ ಎಂಜಿನಿಯರ್‌ಗೆ ಮಸ್ಕಿ ಬಂಡೆ ಮ್ಯಾಲೆ ಶಾಸನ ಕಾಣ್ತು. ಅದರೊಳಗ ‘ಅಶೋಕ’ ಅನ್ನೋ ಹೆಸರೇ ಇತ್ತು. ಅಲ್ಲೀತನಕ ಸಿಕ್ಕಿದ್ದ ಶಾಸನಗಳಲ್ಲಿ ಬರೀ ಬಿರುದುಗಳು. (ಇದರ ಕಥೆ ದೊಡ್ಡದು, ಭಾಗ 5ಕ್ಕ ಇಟ್ಟೀನಿ.)

ಈಗ ಪದಕ್ಕ ಬರೋಣ. ಹಳೇ ಇಂಗ್ಲಿಷ್‌ನಾಗ ಬ್ಲಾಸ್ಟ್ ಅಂದ್ರ ಜೋರಾಗಿ ಬೀಸೋ ಗಾಳಿ. ಮದ್ದಿನ ಕಾಲ ಬಂದು, 17ನೇ ಶತಮಾನದ ಹೊತ್ತಿಗೆ, ಸಿಡಿತ ಅನ್ನೋ ಅರ್ಥ ಸೇರ್ತು. 1867ರಾಗ ನೊಬೆಲ್ ಡೈನಮೈಟಿಗೆ ಪೇಟೆಂಟ್ ಪಡೆದ. ‘ಗದ್ದಲದ ಪಾರ್ಟಿ, ಭಾರಿ ಮಜಾ’ ಅನ್ನೋ ಅರ್ಥ ಬಂದಿದ್ದು 1950ರ ದಶಕದಾಗ, ಅಮೆರಿಕದ ಆಡುಮಾತಿನಿಂದ. ಅಂದ್ರ ಪದ ಹಳೇದು, ಮಜಾ ಮಾತ್ರ ಮೊನ್ನೆ ಮೊನ್ನೇದು.

ಹಂಗಂತ ಇಂಗ್ಲಿಷ್‌ನವರು ವಿಚಿತ್ರ ಅಂತ ನಗಬ್ಯಾಡ್ರಿ. ನಮ್ಮ ‘ಮಜಾ’ ಪಾರ್ಸಿ ಪದ, ಮೂಲ ಅರ್ಥ ರುಚಿ. ‘ಮಸ್ತ್’ ಕೂಡ ಪಾರ್ಸಿ, ಅಂದ್ರ ಅಮಲೇರಿದವ! ಬಹಮನಿ, ಆದಿಲಶಾಹಿ, ನಿಜಾಮರ ಕಾಲದಾಗ ಕಚೇರಿಯ ಪಾರ್ಸಿ-ಉರ್ದು ನಮ್ಮ ಸಂತೆಗೂ ಬಂತು. ರಾಯಚೂರು ಜಿಲ್ಲೆ 1956ರ ತನಕ ಹೈದರಾಬಾದ್ ರಾಜ್ಯದಾಗೇ ಇತ್ತು. ಇವತ್ತು ಸಿಂಧನೂರು ಬಸ್ ಸ್ಟ್ಯಾಂಡಿನಾಗ ‘ಸಿನಿಮಾ ಮಸ್ತ್ ಐತಲೇ’ ಅಂದವನ ಬಾಯಿ ವಾಸನೆ ಯಾರೂ ನೋಡಂಗಿಲ್ಲ.

ಬಳಸೋದು ಹೆಂಗ? ‘ವಿ ಹ್ಯಾಡ್ ಎ ಬ್ಲಾಸ್ಟ್’, ‘ಇಟ್ ವಾಸ್ ಎ ಬ್ಲಾಸ್ಟ್’, ಎರಡೂ ಸರಿ. ‘ದೇರ್ ವಾಸ್ ಎ ಬ್ಲಾಸ್ಟ್’ ಅಂದ್ರೋ, ಸ್ಫೋಟ ಆತು ಅಂತ ಅರ್ಥ! ಅಕ್ಕನ ಮದುವಿ ಬಗ್ಗೆ ಹಂಗ ಬರೆದ್ರ ಗಾಬರಿ ಬೀಳ್ತಾರ. ದೋಸ್ತರ ಜೋಡಿ ಮಾತ್ರ ಆಡೋ ಮಾತಿದು. ಇಂಟರ್‌ವ್ಯೂದಾಗ, ಅರ್ಜಿಯಾಗ ಬ್ಯಾಡ, ಅಲ್ಲಿ ‘ಐ ಎಂಜಾಯ್ಡ್ ಇಟ್’ ಸಾಕು.

ಹಟ್ಟಿ ಕಡೆಯ ಗೆಳೆಯರು ಕ್ಲಾಸಿನಾಗ ಇದನ್ನ ಕೇಳಿ ಒಂದು ಕ್ಷಣ ಸುಮ್ಮನಾದ್ರ, ಅವರಿಗೆ ಇಂಗ್ಲಿಷ್ ಬರಂಗಿಲ್ಲ ಅಂತ ನಗಬ್ಯಾಡ್ರಿ. ಅವರಿಗೆ ಆ ಪದ ನಿಮಗಿಂತ ಚೊಲೋ ಗೊತ್ತು.

ನಿಮ್ಮ ಮನ್ಯಾಗ ಗಣಿಯ ಇಂತಾ ಯಾವ ಯಾವ ಪದ ಅದಾವು? ಕಮೆಂಟಿನಾಗ ಬರೀರಿ, ಸೇರಿಸಿ ಇಡೋಣ.