ಮಳೆಗಾಲದ ಮೋಟಾರು, ಬೇಸಿಗೆಯ ಪೆಟ್ರೋಲ್

2019ರ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದ ಹೊರಹರಿವು ಲಕ್ಷ ಕ್ಯುಸೆಕ್ ದಾಟಿತ್ತು. ನಂಜನಗೂಡಿನ ಸ್ನಾನಘಟ್ಟ, ಹದಿನಾರು ಕಾಲು ಮಂಟಪ ಎಲ್ಲವೂ ನೀರು ಪಾಲಾದವು. ಮಲ್ಲನಮೂಲೆ ಮಠದ ಬಳಿ ಕಪಿಲೆ (ಕಬಿನಿಯದೇ ಇನ್ನೊಂದು ಹೆಸರು) ಹೆದ್ದಾರಿಯ ಮೇಲೇ ಹರಿದು ಮೈಸೂರಿನ ದಾರಿ ಕಡಿಯಿತು. ಕೆಳಗೆ ತಿ. ನರಸೀಪುರದಲ್ಲಿ ಕಾವೇರಿಯೂ ಬಂದು ಕೂಡಿಕೊಳ್ಳುವುದರಿಂದ ಅಲ್ಲಿನ ತಗ್ಗು ಊರುಗಳಿಗೆ ಎರಡು ನದಿಗಳ ಕಾಟ. ಅಗ್ನಿಶಾಮಕ ದಳದ, ಎನ್‌ಡಿಆರ್‌ಎಫ್‌ನ ರಬ್ಬರ್ ದೋಣಿಗಳು ನೀರಿಗೆ ಇಳಿಯುವುದು ಇಂಥ ದಿನಗಳಲ್ಲೇ. ದೋಣಿಯ ಹಿಂಬದಿಗೆ ಬಿಗಿದ ಔಟ್‌ಬೋರ್ಡ್ ಮೋಟಾರಿನ ಹಗ್ಗ ಎಳೆದರೆ ಒಂದೆರಡು ಎಳೆತಕ್ಕೆ ಎಂಜಿನ್ ಹತ್ತಿಕೊಳ್ಳಬೇಕು. ಹತ್ತದಿದ್ದರೆ ಆ ಸೆಳೆತದಲ್ಲಿ ಹುಟ್ಟು ಹಾಕಿ ಗೆಲ್ಲುವವರಿಲ್ಲ.

ಹೀಗೆ ಕೈಕೊಡುವ ಮೋಟಾರನ್ನು ಬಿಚ್ಚಿ ನೋಡಿದರೆ ಪಿಸ್ಟನ್ ಸವೆದಿರುವುದಿಲ್ಲ, ಬೇರಿಂಗ್ ಹೋಗಿರುವುದಿಲ್ಲ. ಹೆಚ್ಚಿನ ಸಲ ದೋಷ ಇರುವುದು ಕಾರ್ಬುರೇಟರಿನಲ್ಲಿ, ಅಲ್ಲಿಗೆ ಹೋಗುವ ಪೆಟ್ರೋಲಿನಲ್ಲಿ. ಓಡಿ ಓಡಿ ಕೆಟ್ಟ ಮೋಟಾರುಗಳಿಗಿಂತ ಸುಮ್ಮನೆ ನಿಂತು ಕೆಟ್ಟವೇ ಒಳನಾಡಿನಲ್ಲಿ ಜಾಸ್ತಿ. ನಂಜನಗೂಡು, ತಿ. ನರಸೀಪುರದಂಥ ನದಿತೀರದ ಊರುಗಳಿಗೂ ಮಲ್ಪೆ, ಗಂಗೊಳ್ಳಿಯಂಥ ಬಂದರುಗಳಿಗೂ ಇರುವ ದೊಡ್ಡ ವ್ಯತ್ಯಾಸ ಇದು.

ಕರಾವಳಿಯ ನಾಡದೋಣಿಗಳಲ್ಲಿ ಮೋಟಾರಿಗೆ ಬಿಡುವೆಂಬುದೇ ಕಡಿಮೆ. ಜೂನ್, ಜುಲೈ ತಿಂಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧದಲ್ಲೂ 10 ಅಶ್ವಶಕ್ತಿವರೆಗಿನ ಮೋಟಾರಿನ ನಾಡದೋಣಿಗಳಿಗೆ ವಿನಾಯಿತಿ ಇದೆ. ಅಲ್ಲಿ ಬಹುಕಾಲ ನಡೆದದ್ದು ಸೀಮೆಎಣ್ಣೆಯ ಎಂಜಿನ್‌ಗಳದೇ ರಾಜ್ಯ. ಸೀಮೆಎಣ್ಣೆ ತಣ್ಣನೆಯ ಎಂಜಿನ್‌ನಲ್ಲಿ ಸರಿಯಾಗಿ ಆವಿಯಾಗದು. ಆದ್ದರಿಂದ ಸಣ್ಣ ಟ್ಯಾಂಕಿನ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ನಲ್ಲಿ ತಿರುಗಿಸಿ ಸೀಮೆಎಣ್ಣೆಗೆ ಹೋಗಬೇಕು. ದಡ ಮುಟ್ಟುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ಕಾರ್ಬುರೇಟರಿನಲ್ಲಿ ಉಳಿದ ಸೀಮೆಎಣ್ಣೆಯನ್ನು ಖಾಲಿ ಮಾಡಬೇಕು. ಮರೆತರೆ ಮರುದಿನ ಬೆಳಗ್ಗೆ ಹಗ್ಗ ಎಳೆದು ತೋಳು ಸೋಲುತ್ತದೆ. ನಿಲ್ಲಿಸುವ ಮುನ್ನ ಕಾರ್ಬುರೇಟರಿನ ಗತಿ ಏನೆಂದು ಯೋಚಿಸುವ ಶಿಸ್ತನ್ನು ಮೀನುಗಾರರು ಕಲಿತದ್ದು ಹೀಗೆ, ಪುಸ್ತಕದಿಂದಲ್ಲ. ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವ ಪಂಪ್‌ಸೆಟ್ ಇಟ್ಟುಕೊಂಡು ಹೊಳೆಯಿಂದ ನೀರೆತ್ತಿದ ಹಳೆಯ ರೈತರಿಗೂ ಈ ಪಾಠ ಗೊತ್ತು.

ಔಟ್‌ಬೋರ್ಡ್ ಮೋಟಾರಿನ ಚರಿತ್ರೆಯನ್ನು ಇಂಧನದ ಕಡೆಯಿಂದ ಓದಿದರೆ ಅದು ಹೆಚ್ಚಾಗಿ ಕಸ, ನೀರು, ಗಾಳಿ ಮೂರನ್ನೂ ಹೊರಗಿಡುವ ಪ್ರಯತ್ನದ ಚರಿತ್ರೆ. ಅಮೆರಿಕದ ಮಿಲ್ವಾಕಿಯಲ್ಲಿ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕೆ ತಂದ ಮೋಟಾರು ಒಂದೂವರೆ ಅಶ್ವಶಕ್ತಿಯದು, ತೂಕ ಸುಮಾರು 28 ಕಿಲೋ. ಪೆಟ್ರೋಲ್ ಟ್ಯಾಂಕು ಎಂಜಿನ್ನಿಗೇ ಅಂಟಿಕೊಂಡಿತ್ತು. ಮೇಲಿನಿಂದ ತಾನಾಗಿ ಇಳಿಯುವ ಪೆಟ್ರೋಲ್, ಕೆಳಗೆ ಕಾರ್ಬುರೇಟರ್, ನಡುವೆ ಹೆಚ್ಚೇನೂ ಇಲ್ಲ. ಕೆಡುವುದಕ್ಕೆ ಭಾಗಗಳೇ ಕಡಿಮೆ. ಆದರೆ ಟ್ಯಾಂಕು ಚಿಕ್ಕದು, ನಡುನೀರಿನಲ್ಲಿ ಬಿಸಿ ಎಂಜಿನ್ನಿನ ಮೇಲೇ ಪೆಟ್ರೋಲ್ ಸುರಿಯಬೇಕು. 1949ರಲ್ಲಿ ಜಾನ್ಸನ್ ಕಂಪನಿ ತನ್ನ 10 ಅಶ್ವಶಕ್ತಿಯ ಮಾದರಿಗೆ ಬೇರೆಯದೇ ಟ್ಯಾಂಕ್ ಕೊಟ್ಟು ಪೈಪಿನಲ್ಲಿ ಜೋಡಿಸಿದ್ದು ದೊಡ್ಡ ತಿರುವು. ಇಂದು ಕಾಣುವ ಕೆಂಪು ಟ್ಯಾಂಕು, ನಡುವೆ ಹಿಸುಕುವ ರಬ್ಬರ್ ಉಂಡೆ, ತಟ್ಟನೆ ಕಚ್ಚಿಕೊಳ್ಳುವ ಕನೆಕ್ಟರ್ ಎಲ್ಲ ಆ ದಾರಿಯಲ್ಲಿ ಬಂದವು.

ಅನುಕೂಲದ ಜೊತೆ ಹೊಸ ತೊಂದರೆಗಳೂ ಬಂದವು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯ ತಿರುಪು ಇರುತ್ತದೆ. ಅದನ್ನು ತೆರೆಯಲು ಮರೆತರೆ ಮೋಟಾರು ಕೆಲವು ನಿಮಿಷ ಚೆನ್ನಾಗಿ ಓಡಿ, ಹೊಳೆಯ ನಡುವೆ ಉಸಿರು ಕಟ್ಟಿದಂತೆ ನಿಲ್ಲುತ್ತದೆ. ರಬ್ಬರ್ ಉಂಡೆಯ ಮೇಲೊಂದು ಬಾಣದ ಗುರುತಿದೆ, ಅದು ಎಂಜಿನ್ ಕಡೆ ನೋಡಬೇಕು. ಪೈಪ್ ಬದಲಿಸುವಾಗ ತಿರುಗುಮುರುಗಾಗಿ ಹಾಕಿ, ಮೂರು ದಿನ ಕಾರ್ಬುರೇಟರ್ ಬಿಚ್ಚಿ ಜೋಡಿಸಿದವರು ಎಲ್ಲ ಊರಲ್ಲೂ ಇದ್ದಾರೆ.

ಮೈಸೂರು ಸೀಮೆಗೆ ಈ ಮೋಟಾರುಗಳ ಟೂ ಸ್ಟ್ರೋಕ್ ವಿದ್ಯೆ ಬಂದ ದಾರಿ ಮಾತ್ರ ಬೇರೆ, ಅದು ರಸ್ತೆಯ ಮೇಲಿಂದ ಬಂತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. ಪೆಟ್ರೋಲಿಗೆ ಆಯಿಲ್ ಬೆರೆಸುವುದು, ಪ್ಲಗ್ ತೆಗೆದು ಅದರ ಬಣ್ಣ ನೋಡಿ ಮಿಶ್ರಣ ಹೆಚ್ಚೋ ಕಡಿಮೆಯೋ ಹೇಳುವುದು, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಜೆಟ್ ಊದಿ ಬೆಳಕಿಗೆ ಹಿಡಿದು ನೋಡುವುದು ಸುತ್ತಲಿನ ತಾಲ್ಲೂಕುಗಳ ಮೆಕ್ಯಾನಿಕ್‌ಗಳಿಗೆ ನೀರು ಕುಡಿದಷ್ಟು ಸಲೀಸಾಯಿತು. ಔಟ್‌ಬೋರ್ಡ್‌ಗೆಂದೇ ಗ್ಯಾರೇಜ್ ಇಲ್ಲದ ಊರುಗಳಲ್ಲಿ ಮೋಟಾರು ಕೆಟ್ಟರೆ ಅದು ಹೋಗುವುದು ಇದೇ ಬೈಕು, ಪಂಪ್‌ಸೆಟ್ ಮೆಕ್ಯಾನಿಕ್‌ಗಳ ಬೆಂಚಿಗೆ. ಕಾರ್ಬುರೇಟರಿನ ಮಟ್ಟಿಗೆ ಅವರ ಕೈ ಪಳಗಿದ್ದೇ. ಆದರೆ ಎರಡು ವಿಷಯದಲ್ಲಿ ಬೈಕಿನ ಅಭ್ಯಾಸ ದೋಣಿಗೆ ಸಲ್ಲದು. ಬೈಕಿನ 2ಟಿ ಆಯಿಲ್ ಗಾಳಿಯಿಂದ ತಣಿಯುವ ಎಂಜಿನ್ನಿಗಾಗಿ ಮಾಡಿದ್ದು. ನೀರಿನಿಂದ ತಣಿಯುವ ಔಟ್‌ಬೋರ್ಡ್‌ಗೆ ಟಿಸಿ-ಡಬ್ಲ್ಯೂ3 ಗುರುತಿನದೇ ಬೇಕು. ಇನ್ನೊಂದು, ಅಂದಾಜಿನ ಅಳತೆ. ಹಿಂದೆ 16 ಪಾಲು ಪೆಟ್ರೋಲಿಗೆ 1 ಪಾಲು, ಆಮೇಲೆ 24ಕ್ಕೆ 1 ಹಾಕುತ್ತಿದ್ದರು. 1960ರ ದಶಕದಿಂದ 50ಕ್ಕೆ 1 ರೂಢಿಗೆ ಬಂತು, ಅಂದರೆ ಲೀಟರಿಗೆ 20 ಮಿಲಿ. ಸ್ವಲ್ಪ ಜಾಸ್ತಿ ಇರಲಿ ಎಂದು ಸುರಿದ ಆಯಿಲ್ ಪ್ಲಗ್ಗಿನ ಮೇಲೆ ಕರಿಯಾಗಿ ಕೂರುತ್ತದೆ. ನಿಂತ ಮೋಟಾರಿನಲ್ಲಿ ಪೆಟ್ರೋಲ್ ಆರಿಹೋದ ಮೇಲೆ ಜೆಟ್ಟಿನ ಬಾಯಲ್ಲಿ ಅಂಟಾಗಿ ಉಳಿಯುತ್ತದೆ.

ಆ ಅಂಟನ್ನು ಒಮ್ಮೆ ಕಣ್ಣಾರೆ ನೋಡಿದವರು ಮರೆಯುವುದಿಲ್ಲ. ಏಳೆಂಟು ತಿಂಗಳು ನಿಂತ ಮೋಟಾರಿನ ಕಾರ್ಬುರೇಟರ್ ಬೌಲ್ ಬಿಚ್ಚಿದರೆ ಮೊದಲು ಮೂಗಿಗೆ ಹೊಡೆಯುವುದು ಪೆಟ್ರೋಲ್ ವಾಸನೆಯಲ್ಲ, ಹಳೆಯ ವಾರ್ನಿಷ್‌ನಂಥ ಹುಳಿ ವಾಸನೆ. ತಳದಲ್ಲಿ ಜೇನುಬಣ್ಣದ ಪದರ, ಅದರಲ್ಲಿ ಹೂತುಕೊಂಡ ಬಿಳಿ ಪುಡಿ. ಫ್ಲೋಟ್ ಮೇಲೇಳದೆ ಅಂಟಿಕೊಂಡಿರುತ್ತದೆ. ಪೈಲಟ್ ಜೆಟ್‌ನ ರಂಧ್ರ ಕೂದಲೆಳೆಯ ಲೆಕ್ಕದ್ದು, ಅರ್ಧ ಮಿಲಿಮೀಟರಿಗೂ ಕಡಿಮೆ. ಅದು ಎಲ್ಲಕ್ಕಿಂತ ಮೊದಲು ಮುಚ್ಚಿಹೋಗುತ್ತದೆ. ಆಗ ಮೋಟಾರು ಚೋಕ್ ಎಳೆದಾಗ ಮಾತ್ರ ಹತ್ತಿ, ಚೋಕ್ ಬಿಟ್ಟೊಡನೆ ಆರುತ್ತದೆ, ರೇಸ್ ಕೊಟ್ಟರೆ ಮಾತ್ರ ಬದುಕುತ್ತದೆ. ಮುಚ್ಚಿದ ಜೆಟ್ಟನ್ನು ಕಬ್ಬಿಣದ ತಂತಿಯಿಂದ ಚುಚ್ಚುವುದು ದೊಡ್ಡ ತಪ್ಪು. ಹಿತ್ತಾಳೆಯ ರಂಧ್ರ ಒಂದು ಕೂದಲಷ್ಟು ಹಿಗ್ಗಿದರೂ ಅಳತೆ ಕೆಟ್ಟಂತೆಯೇ. ಕಾರ್ಬುರೇಟರ್ ಕ್ಲೀನರ್ ಹೊಡೆದು ನೆನೆಯಬಿಟ್ಟು, ಗಾಳಿ ಊದುವುದೇ ಸರಿಯಾದ ಕ್ರಮ.

ಪೆಟ್ರೋಲ್ ಹಳತಾದರೆ ಕೆಡುವ ಸಮಸ್ಯೆ ಮೊದಲಿನಿಂದಲೂ ಇತ್ತು. ಬೇಗ ಆವಿಯಾಗುವ ಹಗುರ ಅಂಶ ಹೋದಮೇಲೆ ಸ್ಟಾರ್ಟ್ ಆಗುವ ಗುಣವೇ ಹೋಗುತ್ತದೆ, ಉಳಿದದ್ದು ಗಾಳಿಯೊಡನೆ ಬೆರೆತು ಅಂಟಾಗುತ್ತದೆ. ಆದರೆ ಕಳೆದ ಎರಡು ದಶಕಗಳಲ್ಲಿ ಸಮಸ್ಯೆಯ ಸ್ವರೂಪವೇ ಬದಲಾಯಿತು. 2003ರಲ್ಲಿ ದೇಶದ ಒಂಬತ್ತು ರಾಜ್ಯಗಳಲ್ಲಿ ಪೆಟ್ರೋಲಿಗೆ ಶೇ 5ರಷ್ಟು ಎಥೆನಾಲ್ ಬೆರೆಸುವ ಕಾರ್ಯಕ್ರಮ ಆರಂಭವಾಯಿತು. 2022ರ ಜೂನ್‌ನಲ್ಲಿ ಸರಾಸರಿ ಶೇ 10 ಮುಟ್ಟಿತು. ಶೇ 20ರ ಬೆರಕೆ 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಬಿಡುಗಡೆಯಾಯಿತು. 2025ರ ಹೊತ್ತಿಗೆ ಬಂಕುಗಳಲ್ಲಿ ಅದೇ ಸಾಮಾನ್ಯ ಪೆಟ್ರೋಲ್.

ನಂಜನಗೂಡಿಗೆ ಇದು ದೂರದ ದಿಲ್ಲಿಯ ಸುದ್ದಿಯಲ್ಲ. ಕಪಿಲೆ, ಕಾವೇರಿಯ ನೀರುಂಡು ಬೆಳೆದ ಕಬ್ಬು ತಾಲ್ಲೂಕಿನ ಅಳಗಂಚಿಯ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆಗೆ ಹೋಗುತ್ತದೆ, ಅಲ್ಲಿ ಡಿಸ್ಟಿಲರಿಯೂ ಇದೆ. ಕಬ್ಬು ಬೆಳೆಗಾರನಿಗೆ ಎಥೆನಾಲ್ ಬೆಂಬಲ, ಅದರಲ್ಲಿ ಎರಡು ಮಾತಿಲ್ಲ. ಅದೇ ಎಥೆನಾಲ್ ಅದೇ ಹೊಳೆಯ ಮೇಲೆ ನಿಂತ ಹಳೆಯ ಮೋಟಾರಿಗೆ ಮಾತ್ರ ಒಗ್ಗುವುದಿಲ್ಲ. ಬಹುತೇಕ ಔಟ್‌ಬೋರ್ಡ್ ತಯಾರಕರ ಕೈಪಿಡಿಗಳು ಶೇ 10ರವರೆಗಿನ ಎಥೆನಾಲ್‌ಗೆ ಮಾತ್ರ ಒಪ್ಪಿಗೆ ಕೊಡುತ್ತವೆ.

ಕಾರಣಗಳು ಹಲವು. ಎಥೆನಾಲ್ ಹಳೆಯ ರಬ್ಬರ್ ಪೈಪು, ಡಯಾಫ್ರಂಗಳನ್ನು ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ಗೋಡೆಯಲ್ಲಿ ಕೂತಿದ್ದ ಕೊಳೆಯನ್ನು ಕರಗಿಸಿ ಜೆಟ್ಟಿಗೆ ತಂದು ಸುರಿಯುತ್ತದೆ. ಬರಿಯ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಎಥೆನಾಲ್‌ಗೆ ಸುಮಾರು 9 ಪಾಲು ಸಾಕು. ಜೆಟ್ಟಿನ ರಂಧ್ರವಂತೂ ಹಳೆಯ ಲೆಕ್ಕಕ್ಕೇ ಕೊರೆದದ್ದು. ಹಾಗಾಗಿ ಶೇ 20ರ ಬೆರಕೆಯಲ್ಲಿ ಕಾರ್ಬುರೇಟರ್ ಎಂಜಿನ್ನಿಗೆ ಇಂಧನ ತುಸು ಕಡಿಮೆ ಬಿದ್ದು, ಎಂಜಿನ್ ಹೆಚ್ಚು ಕಾಯುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ನೀರಿನ ಸಂಗತಿ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ಒಂದು ಮಿತಿಯವರೆಗೆ ಪೆಟ್ರೋಲಿನಲ್ಲೇ ಕರಗಿಸಿಟ್ಟುಕೊಂಡು, ಮಿತಿ ಮೀರಿದೊಡನೆ ನೀರೂ ಎಥೆನಾಲೂ ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಶೇ 10ರ ಬೆರಕೆಯಲ್ಲಿ ಆ ಮಿತಿ ಸುಮಾರು ಅರ್ಧ ಪ್ರತಿಶತ. ಎಂದರೆ 24 ಲೀಟರಿನ ಟ್ಯಾಂಕಿಗೆ ಸುಮಾರು 120 ಮಿಲಿ, ಒಂದು ಲೋಟದಷ್ಟು. ಸಡಿಲ ಮುಚ್ಚಳದ ಟ್ಯಾಂಕನ್ನು ಒಂದು ರಾತ್ರಿ ಮಳೆಯಲ್ಲಿ ಬಿಟ್ಟರೆ ಅಷ್ಟು ನೀರು ಇಳಿದೀತು. ಶೇ 20ರ ಬೆರಕೆ ಇನ್ನಷ್ಟು ನೀರನ್ನು ತಡೆದುಕೊಂಡೀತು, ಆದರೆ ಬೇರ್ಪಟ್ಟಾಗ ತಳಕ್ಕಿಳಿಯುವ ಪದರವೂ ದೊಡ್ಡದು. ಟ್ಯಾಂಕಿನ ಕೊಳವೆ ಹೀರುವುದು ತಳದಿಂದಲೇ. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಎಂಜಿನ್ನಿಗೆ ಹೋಗುವುದು ಆಯಿಲ್ ಇಲ್ಲದ ನೀರುಸ್ಪಿರಿಟ್ಟು. ಹತ್ತಿಕೊಳ್ಳದಿದ್ದರೆ ಅದೃಷ್ಟ, ಹತ್ತಿಕೊಂಡು ಓಡಿದರೆ ಪಿಸ್ಟನ್ ಹಿಡಿದುಕೊಳ್ಳುವ ಅಪಾಯ.

ಆದ್ದರಿಂದ ಇಂದು ಈ ವಿದ್ಯೆಯ ಒತ್ತು ರಿಪೇರಿಯಿಂದ ಪೆಟ್ರೋಲ್ ಇಡುವ ಕ್ರಮದ ಕಡೆಗೆ ಸರಿದಿದೆ. ಪಾರದರ್ಶಕ ಬೌಲಿನ, ನೀರು ಬೇರ್ಪಡಿಸುವ ಫಿಲ್ಟರ್ ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ಕೂತಿದೆ. ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ದ್ರವಗಳು ಬಂದಿವೆ. ಅವು ತಾಜಾ ಪೆಟ್ರೋಲನ್ನು ಕಾಯಬಲ್ಲವು, ಕೆಟ್ಟದ್ದನ್ನು ಸರಿಪಡಿಸಲಾರವು. ಪೈಪ್ ಕಳಚಿ ಎಂಜಿನ್ ತಾನಾಗಿ ಆರುವವರೆಗೆ ಓಡಿಸುವ ಹಳೆಯ ರೂಢಿಯ ಬಗ್ಗೆ ಮಾತ್ರ ಭಿನ್ನಾಭಿಪ್ರಾಯ ಇದೆ. ಹಾಗೆ ಮಾಡಿದರೂ ಬೌಲಿನ ತಳದಲ್ಲಿ ಒಂದಿಷ್ಟು ಉಳಿಯುತ್ತದೆ, ಉಳಿದ ಅಷ್ಟೇ ಅಂಟಾಗುತ್ತದೆ. ಬೌಲಿನ ಕೆಳಗಿನ ತಿರುಪು ಸಡಿಲಿಸಿ ಪೂರ್ತಿ ಬಸಿದುಬಿಡುವುದೇ ವಾಸಿ, ಎರಡು ನಿಮಿಷದ ಕೆಲಸ.

ಕಾರ್ಬುರೇಟರನ್ನೇ ಬಿಡುವ ದಾರಿಯೂ ತೆರೆದಿದೆ. 1990ರ ದಶಕದ ಕೊನೆಗೆ ದೊಡ್ಡ ಫೋರ್ ಸ್ಟ್ರೋಕ್ ಔಟ್‌ಬೋರ್ಡ್‌ಗಳಿಗೆ ಫ್ಯೂಯೆಲ್ ಇಂಜೆಕ್ಷನ್ ಬಂತು. 2012ರ ಸುಮಾರಿಗೆ ಸುಜುಕಿಯ 15 ಮತ್ತು 20 ಅಶ್ವಶಕ್ತಿಯ ಮಾದರಿಗಳಲ್ಲಿ ಬ್ಯಾಟರಿಯೇ ಇಲ್ಲದೆ ಹಗ್ಗ ಎಳೆದರೆ ಕೆಲಸ ಮಾಡುವ ಇಂಜೆಕ್ಷನ್ ಕಾಣಿಸಿಕೊಂಡಿತು. ಮುಚ್ಚಿದ ವ್ಯವಸ್ಥೆಯಾದ್ದರಿಂದ ಪೆಟ್ರೋಲ್ ಅಲ್ಲಿ ಅಷ್ಟು ಬೇಗ ಆರುವುದಿಲ್ಲ. ಆದರೆ ನೀರು ಸೇರಿದ ಪೆಟ್ರೋಲ್ ಅದನ್ನೂ ಬಿಡುವುದಿಲ್ಲ, ಕೆಟ್ಟರೆ ತಾಲ್ಲೂಕಿನ ಬೆಂಚಿನ ಮೇಲೆ ರಿಪೇರಿಯೂ ಆಗುವುದಿಲ್ಲ. ಇನ್ನೊಂದು ಕವಲು ವಿದ್ಯುತ್ತಿನದು. ಕೇರಳದ ವೈಕಂನಲ್ಲಿ 2017ರಿಂದ ‘ಆದಿತ್ಯ’ ಸೌರ ದೋಣಿ ಜನರನ್ನು ದಾಟಿಸುತ್ತಿದೆ. ಕಬಿನಿ ಹಿನ್ನೀರಿನಲ್ಲಿ ಆನೆ ನೋಡಲು ಹೋಗುವ ದೋಣಿಗೆ ಸದ್ದಿಲ್ಲದ ಮೋಟಾರು ಹೇಳಿ ಮಾಡಿಸಿದಂತಿದೆ. ತುಂಬಿದ ಕಪಿಲೆಯ ವಿರುದ್ಧ ಗಂಟೆಗಟ್ಟಲೆ ಏರಬೇಕಾದ ರಕ್ಷಣಾ ದೋಣಿಗೆ ಇನ್ನೂ ಪೆಟ್ರೋಲೇ ಗತಿ. ಔಟ್‌ಬೋರ್ಡ್‌ಗೆ ಹೆಸರು ತಂದುಕೊಟ್ಟ ಎವಿನ್‌ರೂಡ್ ಬ್ರಾಂಡಿನ ತಯಾರಿಕೆಯೇ 2020ರಲ್ಲಿ ನಿಂತುಹೋಯಿತು.

ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆದುಬಂದಿದೆ. ಕೋವಿಡ್‌ನಿಂದ ಒಂದು ಸಲ ತಪ್ಪಿ, 2025ರ ಫೆಬ್ರುವರಿ 10ರಿಂದ 12ರವರೆಗೆ ಮತ್ತೆ ನಡೆಯಿತು. ಮೇಳದ ಕಾವಲಿಗೆ ನಿಲ್ಲುವ ದೋಣಿಗೆ ಆ ಮೂರು ದಿನ ದುಡಿಮೆ. ಅದಾದ ಮೇಲೆ ಜುಲೈಯಲ್ಲಿ ವಯನಾಡಿನ ಮಳೆ ಕಬಿನಿಯನ್ನು ತುಂಬಿಸುವವರೆಗೆ ವಿಶ್ರಾಂತಿ. ಫೆಬ್ರುವರಿಯ ಪೆಟ್ರೋಲ್ ಟ್ಯಾಂಕಿನಲ್ಲೇ ಉಳಿದರೆ ಜುಲೈಗೆ ಅದು ಕೆಲಸಕ್ಕೆ ಬಾರದು.

ಮಳೆಗಾಲದ ಸಿದ್ಧತಾ ಸಭೆಗಳಲ್ಲಿ ದೋಣಿ ಎಷ್ಟಿವೆ, ಲೈಫ್ ಜಾಕೆಟ್ ಎಷ್ಟಿವೆ ಎಂಬ ಲೆಕ್ಕ ಕೇಳುತ್ತಾರೆ. ಟ್ಯಾಂಕಿನಲ್ಲಿರುವ ಪೆಟ್ರೋಲ್ ಯಾವ ತಿಂಗಳದು ಎಂಬ ಪ್ರಶ್ನೆಯನ್ನೂ ಸೇರಿಸಿಕೊಳ್ಳಲಿ. ಟ್ಯಾಂಕಿನ ಮೇಲೆ ತುಂಬಿದ ತಾರೀಖು ಬರೆಯಲಿ, ತಿಂಗಳಿಗೊಮ್ಮೆ ನೀರು ತುಂಬಿದ ಡ್ರಮ್ಮಿನಲ್ಲಿ ಮೋಟಾರನ್ನು ಹತ್ತು ನಿಮಿಷ ಓಡಿಸಲಿ. ನೀರಿಲ್ಲದೆ ಓಡಿಸಿದರೆ ಎಂಜಿನ್ ತಣಿಸುವ ನೀರಿನ ಪಂಪಿನ ಇಂಪೆಲ್ಲರ್ ಸುಟ್ಟೀತು. ಹಳೆಯ ಪೆಟ್ರೋಲನ್ನು ಮೇ ಮುಗಿಯುವುದರೊಳಗೆ ಬಸಿದು ಹೊಸದು ತುಂಬಲಿ. ಇದಕ್ಕೆ ಬೇಕಾಗುವುದು ಒಂದು ಸ್ಕ್ರೂಡ್ರೈವರ್, ಒಂದು ಡಬ್ಬಿ ಮತ್ತು ಈ ಕೆಲಸ ಇಂಥವರದೇ ಎಂದು ಬರೆದಿಟ್ಟ ಒಂದು ಹೆಸರು.