ಕಟ್ಟಿದ ಮೂಗಿನ ಇತಿಹಾಸ

ಅಮೆರಿಕಕ್ಕೆ ವಸಂತ ಬಂತೆಂದರೆ ನಮ್ಮ ಕನ್ನಡ ತರಗತಿಯಲ್ಲಿ ಸೀನುವ ಶಬ್ದವೂ ಶುರುವಾಗುತ್ತದೆ. ಮೂಗು ಕಟ್ಟಿದವರು "ಅಮ್ಮ" ಎಂದರೆ "ಅಬ್ಬ" ಎಂದು ಕೇಳಿಸುತ್ತದೆ! ಅನುನಾಸಿಕ ಅಕ್ಷರಗಳಿಗೆ ಮೂಗು ಬೇಕೇ ಬೇಕು. ಈ ಸಣ್ಣ ತೊಂದರೆಗೆ ಮನುಷ್ಯರು ಏನೇನು ಔಷಧಿ ಹುಡುಕಿದರು ಎಂದು ನೀವು ಯಾವಾಗಲಾದರೂ ಯೋಚಿಸಿದ್ದೀರಾ?

ಮೊದಲು ಒಂದು ವಿಷಯ ತಿಳಿದುಕೊಳ್ಳೋಣ. ಮೂಗು ಕಟ್ಟುವುದಕ್ಕೆ ಸಿಂಬಳವೊಂದೇ ಕಾರಣವಲ್ಲ. ಮೂಗಿನ ಒಳಗೋಡೆಯ ರಕ್ತನಾಳಗಳು ಹಿಗ್ಗಿ, ಗೋಡೆ ಊದಿಕೊಂಡು, ಗಾಳಿಯ ದಾರಿ ಕಿರಿದಾಗುತ್ತದೆ. ಆದ್ದರಿಂದ ಎಷ್ಟು ಸೀಟಿದರೂ ಕೆಲವೊಮ್ಮೆ ಮೂಗು ಬಿಡುವುದಿಲ್ಲ.

ಭಾರತದಲ್ಲಿ ಇದರ ಚಿಕಿತ್ಸೆ ಬಹಳ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಮೂಗಿನ ರೋಗಗಳ ವಿವರಣೆ ಇದೆ. ಆಯುರ್ವೇದದ ನಸ್ಯದಲ್ಲಿ ಮೂಗಿಗೆ ಔಷಧಿಯ ಎಣ್ಣೆ ಬಿಡುತ್ತಾರೆ. ಯೋಗದ ಜಲನೇತಿಯಲ್ಲಿ ಉಪ್ಪುನೀರಿನಿಂದ ಮೂಗು ತೊಳೆಯುತ್ತಾರೆ. ಇಂದು ಇಲ್ಲಿನ ವೈದ್ಯರೂ ಉಪ್ಪುನೀರಿನಲ್ಲಿ ಮೂಗು ತೊಳೆಯಲು ಹೇಳುತ್ತಾರೆ. ಆದರೆ ನಲ್ಲಿ ನೀರನ್ನು ನೇರವಾಗಿ ಬಳಸಬೇಡಿ. 2011ರಲ್ಲಿ ಲೂಸಿಯಾನದಲ್ಲಿ ಹಾಗೆ ಮಾಡಿದ ಇಬ್ಬರು, ನೀರಿನಲ್ಲಿದ್ದ ಅಮೀಬಾ ಮಿದುಳಿಗೆ ಸೇರಿ ತೀರಿಕೊಂಡರು. ಕುದಿಸಿ ಆರಿಸಿದ ನೀರು ಅಥವಾ ಡಿಸ್ಟಿಲ್ಡ್ ನೀರನ್ನೇ ಬಳಸಬೇಕು.

ನಮ್ಮ ಅಜ್ಜಿಯರ ಔಷಧಿ ಎಂದರೆ ನೀಲಗಿರಿ ಎಣ್ಣೆಯ ಹಬೆ. ಹೆಸರು ನೀಲಗಿರಿ ಆದರೂ ಮರ ಆಸ್ಟ್ರೇಲಿಯಾದ್ದು! 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ಅದನ್ನು ನಂದಿ ಬೆಟ್ಟದಲ್ಲಿ ನೆಡಿಸಿದನೆಂದು ಹೇಳುತ್ತಾರೆ. ಪುದೀನ ಜಾತಿಯ ಗಿಡಗಳಿಂದ ಬರುವ ಮೆಂಥಾಲ್ ಕೂಡ ಮನೆಮನೆಯಲ್ಲಿ ಇದೆ. ಆದರೆ ಮೆಂಥಾಲ್ ಮೂಗಿನ ದಾರಿಯನ್ನು ನಿಜವಾಗಿ ಅಗಲ ಮಾಡುವುದಿಲ್ಲ. ತಂಪನ್ನು ಗುರುತಿಸುವ ನರಗಳನ್ನು ಅದು ಎಚ್ಚರಿಸುತ್ತದೆ. ಆಗ ಗಾಳಿ ಚೆನ್ನಾಗಿ ಹೋಗುತ್ತಿದೆ ಎಂದು ನಮಗೆ ಅನಿಸುತ್ತದೆ, ಅಷ್ಟೇ.

ರಕ್ತನಾಳಗಳನ್ನು ನಿಜವಾಗಿ ಕುಗ್ಗಿಸುವ ಔಷಧಿ ಬಂದದ್ದು ಚೀನಾದ ಒಂದು ಗಿಡದಿಂದ. ಅದರ ಹೆಸರು ಮಾ ಹುವಾಂಗ್. 1885ರಲ್ಲಿ ಜಪಾನಿನ ನಾಗಾಯಿ ನಾಗಾಯೋಶಿ ಅದರಿಂದ ಎಫೆಡ್ರಿನ್ ಅನ್ನು ಬೇರ್ಪಡಿಸಿದರು. 1920ರ ದಶಕದಲ್ಲಿ ಪೀಕಿಂಗ್‌ನಲ್ಲಿ ಕೆ. ಕೆ. ಚೆನ್ ಮತ್ತು ಕಾರ್ಲ್ ಶ್ಮಿಟ್ ಅದರ ಗುಣಗಳನ್ನು ಅಧ್ಯಯನ ಮಾಡಿ ಜಗತ್ತಿಗೆ ತಿಳಿಸಿದರು. ಅದೇ ಗಿಡದಲ್ಲಿರುವ ಅದರ ತಮ್ಮನಂಥ ರಾಸಾಯನಿಕವೇ ಸೂಡೋಎಫೆಡ್ರಿನ್. ಇದರ ಮಾತ್ರೆ ಅಮೆರಿಕದಲ್ಲಿ ಬಹಳ ವರ್ಷ ಸುಲಭವಾಗಿ ಸಿಗುತ್ತಿತ್ತು.

ಆದರೆ ಕೆಲವರು ಆ ಮಾತ್ರೆಯಿಂದ ಮೆಥಾಂಫೆಟಮಿನ್ ಎಂಬ ಮಾದಕ ವಸ್ತು ತಯಾರಿಸತೊಡಗಿದರು. 2006ರಲ್ಲಿ ಬಂದ ಕಾನೂನಿನಿಂದ ಅದನ್ನು ಫಾರ್ಮಸಿಯ ಕೌಂಟರ್ ಹಿಂದೆ ಇಟ್ಟರು. ಐಡಿ ತೋರಿಸಿ, ಸಹಿ ಹಾಕಿ ಕೊಳ್ಳಬೇಕು. ಅಂಗಡಿಯ ಶೆಲ್ಫಿನಲ್ಲಿ ಅದರ ಜಾಗಕ್ಕೆ ಫಿನೈಲೆಫ್ರಿನ್ ಎಂಬ ಔಷಧಿಯ ಮಾತ್ರೆ ಬಂತು. 1976ರಲ್ಲೇ ತಜ್ಞರ ಸಮಿತಿಯೊಂದು ಅದನ್ನು ಒಪ್ಪಿತ್ತು.

ಇಲ್ಲೇ ಕಥೆಗೆ ತಿರುವು. ಫ್ಲೋರಿಡಾ ವಿಶ್ವವಿದ್ಯಾಲಯದ ಲೆಸ್ಲಿ ಹೆಂಡೆಲಿಸ್ ಮತ್ತು ರ‍್ಯಾಂಡಿ ಹ್ಯಾಟನ್ ಹಳೆಯ ಪರೀಕ್ಷೆಗಳನ್ನು ಮತ್ತೆ ಓದಿದರು. ನುಂಗಿದ ಫಿನೈಲೆಫ್ರಿನ್‌ನ ಹೆಚ್ಚಿನ ಭಾಗ ಮೂಗು ತಲುಪುವ ಮೊದಲೇ ದೇಹದಲ್ಲಿ ಒಡೆದುಹೋಗುತ್ತದೆ. 2007ರಲ್ಲಿ ಅವರು ಎಫ್‌ಡಿಎಗೆ ಅರ್ಜಿ ಕೊಟ್ಟರು. 2015ರಲ್ಲಿ ಮತ್ತೆ ಕೊಟ್ಟರು. ಕೊನೆಗೆ 2023ರ ಸೆಪ್ಟೆಂಬರ್‌ನಲ್ಲಿ ಸಲಹಾ ಸಮಿತಿಯ 16 ಸದಸ್ಯರೂ ಈ ಮಾತ್ರೆ ಕೆಲಸ ಮಾಡುವುದಿಲ್ಲ ಎಂದು ಮತ ಹಾಕಿದರು. 2024ರ ನವೆಂಬರ್‌ನಲ್ಲಿ ಎಫ್‌ಡಿಎ ಅದನ್ನು ಪಟ್ಟಿಯಿಂದ ತೆಗೆಯುವ ಪ್ರಸ್ತಾಪ ಮಾಡಿತು. ನೆನಪಿಡಿ, ಇದು ನುಂಗುವ ಮಾತ್ರೆಯ ಮಾತು, ಮೂಗಿನ ಸ್ಪ್ರೇ ಬಗ್ಗೆ ಅಲ್ಲ. ಮಾತ್ರೆ ಅಪಾಯಕಾರಿ ಎಂದೂ ಅವರು ಹೇಳಲಿಲ್ಲ.

ಕೆಲಸ ಮಾಡದ ಮಾತ್ರೆಯನ್ನು ಇಷ್ಟು ವರ್ಷ ಜನ ಯಾಕೆ ನಂಬಿದರು? ನನಗೆ ಅನಿಸುವುದು ಇದು: ನೆಗಡಿ ಒಂದು ವಾರದಲ್ಲಿ ತಾನಾಗಿಯೇ ಹೋಗುತ್ತದೆ. ನಾವು ಹೊಗಳುವುದು ಮಾತ್ರ ಮಾತ್ರೆಯನ್ನು. ಆದರೆ ತಿಂಗಳುಗಟ್ಟಲೆ ಮೂಗು ಕಟ್ಟಿ, ರಾತ್ರಿ ಬಾಯಲ್ಲಿ ಉಸಿರಾಡುತ್ತಾ, ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವ ಮಕ್ಕಳಿಗೆ ಇದರಿಂದ ಸಮಯ ನಷ್ಟವಾಗುತ್ತದೆ.

ಅಂಥವರಿಗೆ ಬೇರೆ ದಾರಿಗಳಿವೆ. 1960ರ ದಶಕದಿಂದ ಇರುವ ಆಕ್ಸಿಮೆಟಜೋಲಿನ್ ಸ್ಪ್ರೇ ನಿಮಿಷಗಳಲ್ಲಿ ಮೂಗು ಬಿಡಿಸುತ್ತದೆ. ಆದರೆ ಮೂರು ದಿನಕ್ಕಿಂತ ಹೆಚ್ಚು ಬಳಸಬೇಡಿ ಎಂದು ಡಬ್ಬಿಯ ಮೇಲೇ ಬರೆದಿರುತ್ತದೆ. ಮೀರಿದರೆ ಸ್ಪ್ರೇಯಿಂದಲೇ ಮೂಗು ಇನ್ನಷ್ಟು ಕಟ್ಟಬಹುದು. 1970ರ ದಶಕದಲ್ಲಿ ಬಂದ ಸ್ಟೀರಾಯ್ಡ್ ಸ್ಪ್ರೇಗಳು ನಿಧಾನ. ಅಲರ್ಜಿಯ ಊತ ಇಳಿಯಲು ಅವುಗಳನ್ನು ದಿನಾಲೂ ಬಳಸಬೇಕು. ಮೂಗಿನ ನಡುಗೋಡೆ ತುಂಬಾ ಸೊಟ್ಟಗಿದ್ದರೆ ಯಾವ ಔಷಧಿಯೂ ಅದನ್ನು ನೇರ ಮಾಡುವುದಿಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕು. 1900ರ ದಶಕದ ಆರಂಭದಲ್ಲಿ ಚಿಕಾಗೋದ ಫ್ರೀರ್ ಮತ್ತು ಜರ್ಮನಿಯ ಕಿಲಿಯನ್ ಅದಕ್ಕೆ ದಾರಿ ತೋರಿಸಿದರು. ಈಗ ಎಂಡೋಸ್ಕೋಪ್ ಎಂಬ ಸಣ್ಣ ಕೊಳವೆಯಿಂದ ವೈದ್ಯರು ಮೂಗಿನ ಒಳಗೆಲ್ಲ ನೋಡಬಲ್ಲರು.

ಗೆಳೆಯರೇ, ಇವತ್ತು ಮನೆಯ ಔಷಧಿ ಡಬ್ಬಿ ತೆಗೆದು, ಅಪ್ಪ ಅಮ್ಮನ ಜೊತೆ ಕುಳಿತು, ಪ್ಯಾಕೆಟ್ಟಿನ ಹಿಂದೆ ಇರುವ ಸಣ್ಣ ಅಕ್ಷರಗಳನ್ನು ಓದಿ. ಮುಂದಿನ ದೊಡ್ಡ ಹೆಸರು ಬೇಡ, ಹಿಂದಿನ ಔಷಧಿಯ ಹೆಸರು ನೋಡಿ. ಪೋಷಕರೇ, ನಿಮ್ಮ ಮಗುವಿನ ಮೂಗು ವಾರಗಟ್ಟಲೆ ಕಟ್ಟಿದ್ದರೆ ಇನ್ನೊಂದು ಮಾತ್ರೆ ಕೊಳ್ಳುವ ಮೊದಲು, ಕಟ್ಟಿರುವುದಕ್ಕೆ ಕಾರಣ ಏನು ಎಂದು ವೈದ್ಯರನ್ನು ಕೇಳಿ.