ಬಾರುಕೋಲಿನ ತುದಿಯಲ್ಲಿದ್ದ ಹತ್ತಿ

ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಅಲ್ಲಿಯ ಮಳೆಯೇ ಬೇರೆ, ಮಣ್ಣೇ ಬೇರೆ. ಆದರೂ ಹತ್ತೊಂಬತ್ತನೆಯ ಶತಮಾನದ ಹತ್ತಿ ವ್ಯಾಪಾರಿಗಳಿಗೆ 'ಕುಮ್ಟಾ' ಎಂದರೆ ಊರಲ್ಲ, ಹತ್ತಿಯ ಒಂದು ಜಾತಿ. ಅದು ಬೆಳೆಯುತ್ತಿದ್ದುದು ಘಟ್ಟದ ಮೇಲೆ, ಧಾರವಾಡ ಸೀಮೆಯ ಎರೆಹೊಲಗಳಲ್ಲಿ. ಎತ್ತುಗಳ ಬೆನ್ನಿನ ಮೇಲೆ, ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಕೊಂಡವರು ಅದಕ್ಕೆ ಬಂದರಿನ ಹೆಸರಿಟ್ಟರು. ಬೆಳೆದವನ ಊರು ಅವರಿಗೆ ಬೇಕಾಗಿರಲಿಲ್ಲ. ಬೆಳೆದವನಿಗೂ ಅಷ್ಟೇ, ತನ್ನ ಹತ್ತಿಯನ್ನು ಕೊನೆಗೆ ಯಾರು ನೂಲುತ್ತಾರೆ, ಯಾರು ಉಡುತ್ತಾರೆ ಎಂಬುದು ತಿಳಿಯುತ್ತಿರಲಿಲ್ಲ. ಅವನಿಗೆ ತಲುಪುತ್ತಿದ್ದ ಸುದ್ದಿ ಒಂದೇ: ಈ ವರ್ಷದ ದರ.

ಈ ದರವೆಂಬ ಸುದ್ದಿ ಎಷ್ಟು ದೂರ ನಂಬಿಕೆಗೆ ಅರ್ಹ? 1860ರ ದಶಕದಲ್ಲಿ ಧಾರವಾಡದ ರೈತನಿಂದ ಮುಂಬಯಿಯ ಸಾಹುಕಾರನವರೆಗೆ, ಅಲ್ಲಿಂದ ಲ್ಯಾಂಕಶೈರಿನ ಗಿರಣಿಯ ಕೂಲಿಯವರೆಗೆ ಲಕ್ಷಾಂತರ ಜನರ ಬದುಕು ಈ ಪ್ರಶ್ನೆಯ ಮೇಲೆ ನಿಂತಿತ್ತು. ಅಂಥ ಸುದ್ದಿ ಹೇಗೆ ಕೆಡುತ್ತದೆ ಎಂಬುದಕ್ಕೆ ಇಂದು ಆಡಳಿತಶಾಸ್ತ್ರದಲ್ಲಿ 'ಬುಲ್‌ವಿಪ್ ಎಫೆಕ್ಟ್' ಎಂಬ ಹೆಸರಿದೆ. ನಮ್ಮ ಒಕ್ಕಲಿಗರ ಮಾತಿನಲ್ಲಿ ಬಾರುಕೋಲಿನ ಗುಣ ಎನ್ನಬಹುದು. ಹಿಡಿಯ ಕಡೆ ಮುಂಗೈ ತುಸು ಅಲುಗಿದರೆ ಸಾಕು, ತುದಿಯಲ್ಲಿ ಬಾರು ಛಟೀರೆನ್ನುತ್ತದೆ.

ಒಂದು ಸಣ್ಣ ಲೆಕ್ಕದಿಂದ ಇದನ್ನು ನೋಡೋಣ. ಒಬ್ಬ ಬಟ್ಟೆ ಅಂಗಡಿಯವನು ತಿಂಗಳಿಗೆ 100 ತಾನು ಮಾರುತ್ತಿದ್ದಾನೆ. ಒಂದು ತಿಂಗಳು 110 ಹೋಯಿತು. ಮುಂದೆಯೂ ಹೀಗೇ ಏರಬಹುದೆಂದು ಅವನು ಹೋದ 110ರ ಜೊತೆಗೆ ಕೈಕಾವಲಿಗೆ ಇನ್ನೂ 10 ಸೇರಿಸಿ 120 ತರಿಸುತ್ತಾನೆ. ಸಗಟು ವ್ಯಾಪಾರಿಗೆ ಕಾಣುವುದು 100ರಿಂದ 120ಕ್ಕೆ ಏರಿದ ಬೇಡಿಕೆ. ಅವನೂ ಅದೇ ನ್ಯಾಯದಿಂದ 20 ಸೇರಿಸಿ 140 ಕೇಳುತ್ತಾನೆ. ಗಿರಣಿಯವನಿಗೆ ಕಾಣುವ ಏರಿಕೆ 40. ಅವನು 180 ತಾನಿಗೆ ಬೇಕಾಗುವಷ್ಟು ಹತ್ತಿ ತರಿಸುತ್ತಾನೆ. ಗಿರಾಕಿ ಕೊಂಡದ್ದು ಹತ್ತು ತಾನು ಹೆಚ್ಚು, ಹತ್ತಿಯವನಿಗೆ ಕೇಳಿಸಿದ್ದು ಎಂಬತ್ತು.

ಮುಂದಿನ ತಿಂಗಳು ಗಿರಾಕಿ ಮತ್ತೆ 110 ತಾನನ್ನೇ ಕೊಂಡ ಎನ್ನಿ. ಅಂಗಡಿಯಲ್ಲಿ ದಾಸ್ತಾನು ಸಾಕಷ್ಟಿದೆ, ಅವನು 110 ಮಾತ್ರ ಕೇಳುತ್ತಾನೆ. ಸಗಟಿನವನಿಗೆ ಇದು 10ರ ಇಳಿಕೆ, ಅವನು 100ಕ್ಕೆ ಇಳಿಯುತ್ತಾನೆ. ಗಿರಣಿಗೆ ಇದು 40ರ ಇಳಿಕೆ, ಅದು 60ಕ್ಕೆ ಇಳಿಯುತ್ತದೆ. ಉಡುವವನು ಒಂದು ತಾನನ್ನೂ ಕಡಿಮೆ ಕೊಂಡಿಲ್ಲ. ಹತ್ತಿಯವನ ಬೇಡಿಕೆ ಮಾತ್ರ 180ರಿಂದ 60ಕ್ಕೆ ಬಿದ್ದಿದೆ. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಯಾರೂ ದಡ್ಡರಲ್ಲ. ಎಲ್ಲರೂ ತಮ್ಮ ಮುಂದೆ ಬಂದ ಆರ್ಡರನ್ನೇ ಅಗತ್ಯವೆಂದು ಓದಿದರು, ಅಷ್ಟೆ.

ಹತ್ತಿಯ ಇತಿಹಾಸದಲ್ಲಿ ಇಂಥದು ನಡೆದದ್ದು ಅಮೆರಿಕದ ಅಂತರ್ಯುದ್ಧಕ್ಕಿಂತ ಮೊದಲೇ. 1857ರ ದಂಗೆ ಅಡಗಿದ ಮೇಲೆ ಭಾರತದ ಮಾರುಕಟ್ಟೆ ಮತ್ತೆ ತೆರೆಯಿತು. ಖಾಲಿಯಾಗಿದ್ದ ಕಪಾಟುಗಳನ್ನು ತುಂಬಿಕೊಳ್ಳಲು ವ್ಯಾಪಾರಿಗಳು ಬಟ್ಟೆ ತರಿಸಿದರು. ಒಮ್ಮೆ ಕಪಾಟು ತುಂಬಿಸುವ ಆ ಖರೀದಿಯನ್ನು ಲ್ಯಾಂಕಶೈರ್ ಕಾಯಂ ಬೇಡಿಕೆಯೆಂದು ತಿಳಿಯಿತು. ಹೊಸ ಗಿರಣಿಗಳು ಎದ್ದವು, 1859 ಮತ್ತು 1860ರಲ್ಲಿ ಮಗ್ಗಗಳು ಬಿಡುವಿಲ್ಲದೆ ಓಡಿದವು. 1861ರ ಹೊತ್ತಿಗೆ ಕಲ್ಕತ್ತಾ, ಮುಂಬಯಿಗಳ ಗೋದಾಮುಗಳಲ್ಲಿ ಮಾರಾಟವಾಗದ ಬಟ್ಟೆ ಬಿದ್ದಿತ್ತು. 'ಹತ್ತಿಯ ಬರ' ಎಂದು ಪ್ರಸಿದ್ಧವಾದ ಸಂಕಟದ ಮೊದಲ ತಿಂಗಳುಗಳಲ್ಲಿ ಗಿರಣಿಗಳು ಕೆಲಸ ಕಡಿಮೆ ಮಾಡಿದ್ದಕ್ಕೆ ಹತ್ತಿಯ ಕೊರತೆಗಿಂತ ಬಟ್ಟೆಯ ಅತಿಯೇ ದೊಡ್ಡ ಕಾರಣವೆಂದು ಅನೇಕ ಇತಿಹಾಸಕಾರರು ಹೇಳುತ್ತಾರೆ.

ಆಮೇಲೆ ನಿಜವಾದ ಕೊರತೆಯೇ ಬಂತು. 1861ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಗಿ ಲಿಂಕನ್ ಸರ್ಕಾರ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಬ್ರಿಟನ್ ತರಿಸುತ್ತಿದ್ದ ಹತ್ತಿಯಲ್ಲಿ ಸುಮಾರು ಐದನೇ ನಾಲ್ಕು ಪಾಲು ಅಲ್ಲಿಂದಲೇ ಬರುತ್ತಿತ್ತು. 1862ರ ಕೊನೆಗೆ ಲ್ಯಾಂಕಶೈರ್ ಸೀಮೆಯಲ್ಲಿ 4.8 ಲಕ್ಷಕ್ಕೂ ಹೆಚ್ಚು ಜನ ಪರಿಹಾರದ ಗಂಜಿಗೆ ಕೈಯೊಡ್ಡಿದ್ದರು. ಯುದ್ಧಕ್ಕೆ ಮುಂಚೆ ಪೌಂಡಿಗೆ ಆರೇಳು ಪೆನ್ನಿಯಿದ್ದ ಅಮೆರಿಕದ ಹತ್ತಿ 1864ರ ನಡುವಿಗೆ 30 ಪೆನ್ನಿಯ ಹತ್ತಿರ ಹೋಯಿತು. ಎಲ್ಲರ ಕಣ್ಣೂ ಭಾರತದ ಮೇಲೆ ಬಿತ್ತು.

ಆಗ ಮುಂಬಯಿಯಲ್ಲಿ ಹಾಸಿಗೆ ದಿಂಬುಗಳ ಹತ್ತಿಯನ್ನೂ ಕಿತ್ತು ಮಾರಿದರೆಂದು ಆ ಊರಿನ ಚರಿತ್ರೆಗಳು ಹೇಳುತ್ತವೆ. ನಗು ತರಿಸುವ ಮಾತು. ಆದರೆ ಲಿವರ್‌ಪೂಲಿನ ಲೆಕ್ಕದ ಪುಸ್ತಕದಲ್ಲಿ ಹಾಸಿಗೆಯ ಹತ್ತಿಗೂ ಹೊಲದ ಹತ್ತಿಗೂ ವ್ಯತ್ಯಾಸವಿರಲಿಲ್ಲ. ಎರಡೂ ಭಾರತದ ಪೂರೈಕೆಯೇ. ತೂಕ ಹೆಚ್ಚಿಸಲು ಬೀಜ, ಮಣ್ಣು ಬೆರೆಸುವುದು ಎಷ್ಟು ಬೆಳೆಯಿತೆಂದರೆ ಮುಂಬಯಿ ಸರ್ಕಾರ 1863ರಲ್ಲಿ ಹತ್ತಿಯ ಮೋಸ ತಡೆಯಲೆಂದೇ ಕಾಯಿದೆ ಮಾಡಬೇಕಾಯಿತು. ಬೇಡಿಕೆಯ ಸುದ್ದಿ ಒಂದು ದಿಕ್ಕಿನಲ್ಲಿ ಕೆಟ್ಟರೆ ಪೂರೈಕೆಯ ಸುದ್ದಿ ಇನ್ನೊಂದು ದಿಕ್ಕಿನಲ್ಲಿ ಕೆಡುತ್ತದೆ.

ಧಾರವಾಡಕ್ಕೆ ಈ ಕಥೆಯಲ್ಲಿ ವಿಶೇಷ ಸ್ಥಾನವಿತ್ತು. 1840ರ ದಶಕದಲ್ಲೇ ಅಲ್ಲಿ ಅಮೆರಿಕದ ಹತ್ತಿಬೀಜ ಬಿತ್ತಿಸಲಾಗಿತ್ತು. ಭಾರತದ ಬೇರೆ ಕಡೆ ಹೆಚ್ಚಾಗಿ ಸೋತ ಆ ಪ್ರಯೋಗ ಇಲ್ಲಿ ನೆಲ ಹಿಡಿದು, 'ಧಾರವಾಡ ಅಮೆರಿಕನ್' ಎಂಬ ಹೆಸರೂ ಪಡೆದಿತ್ತು. ಈ ಹತ್ತಿಯನ್ನು ನೇರವಾಗಿ ಕೊಂಡು ಸಾಗಿಸಲೆಂದು 1860ರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹುಟ್ಟಿತು. ಕಾರವಾರವನ್ನು ಹತ್ತಿಯ ಬಂದರು ಮಾಡುವ ಯೋಜನೆಯಾಯಿತು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಬಂದರಿನ ಆಸೆಯೇ ಮುಖ್ಯವಾಗಿತ್ತು. ಹತ್ತಿಯ ದರ ಒಂದು ಜಿಲ್ಲೆಯ ಗಡಿಯನ್ನೇ ಬದಲಿಸಿತು ಎಂದರೆ ಅತಿಶಯವಲ್ಲ. ಆದರೆ ಕಂಪನಿಯ ಯಂತ್ರಗಳು ಕಾಳಿ ನದಿಯ ದಡದ ಸದಾಶಿವಗಡಕ್ಕೆ ಬಂದಾಗ ಅವನ್ನಿಳಿಸಲು ತಕ್ಕ ಧಕ್ಕೆ ಇರಲಿಲ್ಲ, ಘಟ್ಟದ ರಸ್ತೆ ಮುಗಿದಿರಲಿಲ್ಲ. ಹತ್ತಿ ಹಳೆಯ ದಾರಿಯಲ್ಲೇ ಮುಂಬಯಿಗೆ ಹೋಯಿತು. ಕೆಲವೇ ವರ್ಷಗಳಲ್ಲಿ ಕಂಪನಿ ಬಾಗಿಲು ಹಾಕಿತು.

ಬೇಡಿಕೆಯ ಸುದ್ದಿ ಇಂದು ಬರುತ್ತದೆ, ಅದಕ್ಕೆ ಉತ್ತರ ಸಿದ್ಧವಾಗುವುದು ನಾಳೆ. ಈ ನಡುವಿನ ಕಾಲವೇ ಬಾರುಕೋಲಿನ ಉದ್ದ. ಧಾರವಾಡದ ಹತ್ತಿ ಮುಂಗಾರಿನ ಕೊನೆಗೆ ಬಿತ್ತಿದರೆ ಬಿಡಿಸುವುದು ಬೇಸಿಗೆ ಹತ್ತಿರವಾದಾಗ. ಅಲ್ಲಿಂದ ಘಟ್ಟ, ಬಂದರು, ಮುಂಬಯಿ, ಮತ್ತೆ ಆಫ್ರಿಕಾ ಬಳಸಿ ಮೂರು ನಾಲ್ಕು ತಿಂಗಳ ಸಮುದ್ರಯಾನ. ಬಿತ್ತುವಾಗ ಕೇಳಿದ ದರಕ್ಕೂ ಗಿರಣಿಯ ಬಾಗಿಲಲ್ಲಿ ಸಿಗುವ ದರಕ್ಕೂ ವರ್ಷದ ಅಂತರ.

ಲೆಕ್ಕಗಳಲ್ಲೇ ಇದು ಕಾಣುತ್ತದೆ. ಭಾರತದಿಂದ ಬ್ರಿಟನ್ನಿಗೆ 1860ರಲ್ಲಿ ಹೋದ ಹತ್ತಿ ಸುಮಾರು 20 ಕೋಟಿ ಪೌಂಡು ತೂಕ. 1864ರಲ್ಲಿ ಅದು 50 ಕೋಟಿಯಷ್ಟಾಯಿತು. ಅತಿ ಹೆಚ್ಚು ಹೋದದ್ದು, 61 ಕೋಟಿಯಷ್ಟು, 1866ರಲ್ಲಿ. ಅಂದರೆ ಯುದ್ಧ ಮುಗಿದ ಮರುವರ್ಷ. ಕೊರತೆಯ ಕರೆಗೆ ಪೂರ್ಣ ಉತ್ತರ ತಲುಪುವ ಹೊತ್ತಿಗೆ ಅಮೆರಿಕದ ಹತ್ತಿ ಮರಳಿ ಬರುತ್ತಿತ್ತು.

ಮುಂಬಯಿಗೆ ಅಷ್ಟು ಕಾಯುವ ಅವಕಾಶವೂ ಸಿಗಲಿಲ್ಲ. ಯುದ್ಧದ ವರ್ಷಗಳಲ್ಲಿ ಆ ನಗರಕ್ಕೆ ಏಳು ಕೋಟಿ ಪೌಂಡಿಗೂ ಹೆಚ್ಚು ಹಣ ಹರಿದುಬಂತೆಂಬ ಅಂದಾಜಿದೆ. ಆ ಹಣ ಬ್ಯಾಂಕು, ಷೇರು, ಸಮುದ್ರ ತುಂಬಿಸುವ ಕಂಪನಿಗಳಾಯಿತು. ಹತ್ತಿ ವ್ಯಾಪಾರಿ ಪ್ರೇಮ್‌ಚಂದ್ ರಾಯಚಂದ್ ಆ ಕಾಲದ ನಾಯಕ. 1864ರಲ್ಲಿ ಶಾಂತಿಯ ವದಂತಿಗೇ ಲಿವರ್‌ಪೂಲಿನ ದರ ಕುಸಿಯಿತು. 1865ರ ಏಪ್ರಿಲ್ 9ರಂದು ಜನರಲ್ ಲೀ ಶರಣಾದ. ವಾಯಿದೆ ವ್ಯವಹಾರಗಳ ಲೆಕ್ಕ ಚುಕ್ತಾ ಆಗಬೇಕಿದ್ದ ಜುಲೈ 1ರಂದು ಮುಂಬಯಿಯ ದೊಡ್ಡ ದೊಡ್ಡ ಮನೆತನಗಳು ಉರುಳಿದವು. ಬ್ಯಾಂಕ್ ಆಫ್ ಬಾಂಬೆಯೂ ಉಳಿಯಲಿಲ್ಲ, 1868ರಲ್ಲಿ ಮುಚ್ಚಿತು.

ಸಾಹುಕಾರನಿಗೆ ದಿವಾಳಿಯ ಕಾನೂನಿತ್ತು. ರೈತನಿಗೆ ಇದ್ದದ್ದು ಸಾಲದ ಪತ್ರ. ದರ ಏರಿದ್ದಾಗ ಹೊಲದ ಬೆಲೆ ಏರಿತ್ತು, ಅದರ ಮೇಲೆ ಸಾಲವೂ ಸುಲಭವಾಗಿ ಹುಟ್ಟಿತ್ತು. ದರ ಇಳಿದಾಗ ಸಾಲ ಇಳಿಯಲಿಲ್ಲ. 1875ರಲ್ಲಿ ಪುಣೆ, ಅಹಮದ್‌ನಗರ ಕಡೆಯ ರೈತರು ಸಾವುಕಾರರ ಪತ್ರಗಳನ್ನು ಕಸಿದು ಸುಟ್ಟ 'ಡೆಕ್ಕನ್ ದಂಗೆ'ಗೆ ಹತ್ತಿಯ ಕುಸಿತವೊಂದೇ ಕಾರಣವಲ್ಲ. ಕಂದಾಯದ ಏರಿಕೆ, ಸಿವಿಲ್ ಕೋರ್ಟುಗಳ ಪಾತ್ರವೂ ಇತ್ತು. ಆದರೆ ಯುದ್ಧಕಾಲದ ಏರು ಸಾಲವನ್ನು ಉಬ್ಬಿಸಿತೆಂಬ ಮಾತು ಆ ದಂಗೆಯ ಚರಿತ್ರೆಯಲ್ಲಿ ತಪ್ಪದೆ ಬರುತ್ತದೆ.

ಇದಕ್ಕೊಂದು ವಿವರಣೆ ಹುಟ್ಟಲು ಬಹಳ ಕಾಲ ಬೇಕಾಯಿತು. 1924ರಲ್ಲಿ ಥಾಮಸ್ ಮಿಚೆಲ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಕೊರತೆಯ ಕಾಲದ ಒಂದು ಚಾಳಿಯನ್ನು ಗುರುತಿಸಿದ. ಕೇಳಿದ್ದರಲ್ಲಿ ಒಂದು ಪಾಲು ಮಾತ್ರ ಸಿಗುತ್ತದೆಂದು ಗೊತ್ತಾದರೆ ವ್ಯಾಪಾರಿಗಳು ಬೇಕಾದ್ದಕ್ಕಿಂತ ಹೆಚ್ಚು ಕೇಳುತ್ತಾರೆ, ಎಲ್ಲರೂ ಹಾಗೆ ಕೇಳಿದಾಗ ಇಲ್ಲದ ಬೇಡಿಕೆ ಕಾಗದದ ಮೇಲೆ ಹುಟ್ಟುತ್ತದೆ. 1958ರಲ್ಲಿ ಎಂಐಟಿಯ ಜೇ ಫಾರೆಸ್ಟರ್ ಇನ್ನೊಂದು ತುದಿ ಹಿಡಿದ. ಕೆಂಟಕಿಯ ಗೃಹೋಪಕರಣ ಕಾರ್ಖಾನೆಯೊಂದರಲ್ಲಿ ಕೆಲ ವರ್ಷ ಹಗಲಿರುಳು ಕೆಲಸ, ಮುಂದಿನ ಕೆಲ ವರ್ಷ ಕೆಲಸಗಾರರ ವಜಾ. ಕಾರಣ ಹೊರಗಿನ ಮಾರುಕಟ್ಟೆಯ ಏರಿಳಿತವಷ್ಟೇ ಇರಲಾರದೆಂದು ಅವನು ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದ. ಒಳಗಿನ ಆರ್ಡರಿನ ನಿಯಮ ಮತ್ತು ವಿಳಂಬಗಳೇ ಅಲೆಯನ್ನು ಹುಟ್ಟಿಸಬಲ್ಲವೆಂದು ತೋರಿಸಿದ. ಎಂಐಟಿಯಲ್ಲಿ ಮುಂದೆ ರೂಪುಗೊಂಡ 'ಬಿಯರ್ ಆಟ'ದಲ್ಲಿ ಗಿರಾಕಿಯ ಬೇಡಿಕೆ ಒಂದೇ ಒಂದು ಸಲ ಏರಿ ಅಲ್ಲೇ ನಿಲ್ಲುತ್ತದೆ. ಆಡುವವರು ಮಾತ್ರ ಕೊರತೆಯಿಂದ ರಾಶಿಗೆ, ರಾಶಿಯಿಂದ ಕೊರತೆಗೆ ತೂಗಾಡುತ್ತಾರೆ.

ಬಾರುಕೋಲೆಂಬ ಹೆಸರು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಿಂದ ಬಂದದ್ದು. ಮಕ್ಕಳು ಡೈಪರ್ ಬಳಸುವುದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಅಂಗಡಿಯ ಮಾರಾಟವೂ ಹಾಗೆಯೇ. ವಿತರಕರ ಆರ್ಡರುಗಳು ಮಾತ್ರ ಕುಣಿಯುತ್ತಿದ್ದವು. 1997ರಲ್ಲಿ ಹೌ ಲೀ ಮತ್ತು ಸಂಗಡಿಗರು ಇದಕ್ಕೆ ನಾಲ್ಕು ಕಾರಣ ಪಟ್ಟಿ ಮಾಡಿದರು: ಬಂದ ಆರ್ಡರಿನಿಂದಲೇ ಮುಂದಿನ ಬೇಡಿಕೆ ಊಹಿಸುವುದು, ಕೂಡಿಟ್ಟು ಒಮ್ಮೆಗೇ ದೊಡ್ಡ ಆರ್ಡರ್ ಹಾಕುವುದು, ದರದ ಏರಿಳಿತಕ್ಕೆ ತಕ್ಕಂತೆ ಮುಂಚೆಯೇ ಕೊಂಡಿಡುವುದು, ಕೊರತೆಯಲ್ಲಿ ಹೆಚ್ಚು ಕೇಳುವುದು. ನಾಲ್ಕನ್ನೂ 1860ರ ದಶಕದ ಹತ್ತಿಯ ದಾರಿಯಲ್ಲಿ ಬೆರಳಿಟ್ಟು ತೋರಿಸಬಹುದು.

ಪರಿಹಾರಗಳೂ ಈ ಕಾರಣಗಳಿಂದಲೇ ಹುಟ್ಟುತ್ತವೆ. ಕೊನೆಯ ಗಿರಾಕಿ ಕೊಂಡದ್ದೆಷ್ಟು ಎಂಬ ಲೆಕ್ಕ ಸರಪಣಿಯ ಎಲ್ಲರಿಗೂ ಕಾಣಬೇಕು. ವಾಲ್‌ಮಾರ್ಟ್ ಮತ್ತು ಪ್ರಾಕ್ಟರ್ ಅಂಡ್ ಗ್ಯಾಂಬಲ್ 1980ರ ದಶಕದ ಕೊನೆಗೆ ಮಾಡಿಕೊಂಡ ಏರ್ಪಾಡಿನ ತಿರುಳು ಇದೇ. ಆರ್ಡರಿನ ಬದಲು ಮಾರಾಟದ ಲೆಕ್ಕವೇ ತಯಾರಕರಿಗೆ ಹೋಗತೊಡಗಿತು. ದೊಡ್ಡ ಆರ್ಡರನ್ನು ಒಡೆದು ಸಣ್ಣದಾಗಿ, ಪದೇ ಪದೇ ತರಿಸಬೇಕು. ರಿಯಾಯಿತಿಯ ಏರಿಳಿತ ಬಿಟ್ಟು ದರ ಸ್ಥಿರವಾಗಿಡಬೇಕು. ಕೊರತೆ ಬಂದಾಗ ಕೇಳಿದಷ್ಟಕ್ಕೆ ತಕ್ಕಂತೆ ಹಂಚದೆ ಹಿಂದೆ ನಿಜವಾಗಿ ಮಾರಿದ್ದನ್ನು ನೋಡಿ ಹಂಚಬೇಕು. ಹಾಗೆ ಮಾಡಿದರೆ ಹೆಚ್ಚು ಕೇಳಿ ಲಾಭವಿಲ್ಲ. ಇವೆಲ್ಲದರ ಜೊತೆಗೆ ದಾರಿಯನ್ನೂ ಕಾಲವನ್ನೂ ಕುಗ್ಗಿಸಬೇಕು.

ಹತ್ತಿಯ ವಿಷಯದಲ್ಲಿ ಕುಗ್ಗಿಸುವ ಕೆಲಸ ಆಮೇಲೆ ನಡೆಯಿತು. 1865ರಲ್ಲಿ ಪರ್ಷಿಯಾ ಕೊಲ್ಲಿಯ ಮೂಲಕ ಭಾರತಕ್ಕೂ ಯೂರೋಪಿಗೂ ತಂತಿ ಬಂತು, 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, 1870ರಲ್ಲಿ ಸಮುದ್ರದಡಿಯ ತಂತಿ ಮುಂಬಯಿ ಮುಟ್ಟಿತು. ಅದಕ್ಕಿಂತ ದೊಡ್ಡದು, ಹತ್ತಿರದಲ್ಲೇ ಕೊಳ್ಳುವವರು ಹುಟ್ಟಿದ್ದು. ಮುಂಬಯಿಯಲ್ಲಿ ಗಿರಣಿಗಳು ಬೆಳೆದವು, 1880ರ ದಶಕದಲ್ಲಿ ಗೋಕಾಕದ ಜಲಪಾತದ ಬಳಿಯೂ ನೂಲಿನ ಗಿರಣಿ ಎದ್ದಿತು. ರೈಲೂ ಬಂತು, ಆದರೆ ಆ ದಶಕದ ಕೊನೆಗೆ ಧಾರವಾಡ ಸೀಮೆಯಿಂದ ಸಮುದ್ರಕ್ಕೆ ಇಳಿದ ಹಳಿ ಮುಟ್ಟಿದ್ದು ಪೋರ್ಚುಗೀಸರ ಮರ್ಮಗೋವಾವನ್ನು, ಕಾರವಾರವನ್ನಲ್ಲ.

ಈ ಸುಧಾರಣೆಗಳಲ್ಲಿ ಒಂದು ಕೊರೆ ಉಳಿಯಿತು. ತಂತಿಯ ಸುದ್ದಿ ಮೊದಲು ತಲುಪಿದ್ದು ಮುಂಬಯಿಯ ದಲಾಲನಿಗೆ. ಅವನಿಗೆ ಅದು ಲಾಭದ ದಾರಿ, ಆದ್ದರಿಂದ ಅದನ್ನು ಹಂಚಿಕೊಳ್ಳುವ ಅವಸರ ಅವನಿಗಿರಲಿಲ್ಲ. ಸುದ್ದಿ ವೇಗವಾಗಿ ಬರುವುದು ಬೇರೆ, ಎಲ್ಲರಿಗೂ ಒಂದೇ ಹೊತ್ತಿಗೆ ತಲುಪುವುದು ಬೇರೆ. ಲ್ಯಾಂಕಶೈರಿನವರು ಎಷ್ಟು ಬಟ್ಟೆ ಮಾರಿದರು, ಗೋದಾಮಿನಲ್ಲಿ ಎಷ್ಟಿದೆ, ಅಮೆರಿಕದಲ್ಲಿ ಎಷ್ಟು ಬಿತ್ತಿದ್ದಾರೆ ಎಂದು ಎರೆಹೊಲದ ರೈತನಿಗೆ ಹೇಳುವ ಕೆಲಸ ಯಾರದೂ ಆಗಿರಲಿಲ್ಲ.

ಇಂದಿಗೂ ಹೋದ ವರ್ಷದ ದರ ನೋಡಿ ಬಿತ್ತುವ ನಮ್ಮ ಈರುಳ್ಳಿ, ಟೊಮೆಟೊ ಬೆಳೆಗಾರನನ್ನು ದುಡುಕಿನವನೆಂದು ಬೈಯುವವರಿದ್ದಾರೆ. ಅವನ ಕೈಗೆ ದರವಲ್ಲದೆ ಬೇರೆ ಯಾವ ಸುದ್ದಿಯನ್ನು ಕೊಟ್ಟಿದ್ದೇವೆ ಎಂದು ಮೊದಲು ಕೇಳಿಕೊಳ್ಳಬೇಕು. ಪಕ್ಕದ ತಾಲ್ಲೂಕಿನಲ್ಲಿ ಎಷ್ಟು ಎಕರೆ ಬಿತ್ತನೆಯಾಗಿದೆ ಎಂಬುದು ಅವನಿಗೆ ತಿಳಿಯುವುದು ಮಂಡಿಯಲ್ಲಿ ಲಾರಿಗಳ ಸಾಲು ನೋಡಿದಾಗಲೇ. ಆ ಹೊತ್ತಿಗೆ ಬೆಳೆ ಚೀಲದಲ್ಲಿರುತ್ತದೆ.